ಅಂಗೈಯ ಆಟ ಯಾರ ಸ್ವತ್ತು?

ಅಳಗುಳಿ ಮಣೆಯನ್ನು ಕೊಂಡವರು ಮಣೆಯ ಜೊತೆಗೆ ಆಟವನ್ನೂ ಕೊಂಡಂತೆಯೇ. ಹುಣಸೆಬೀಜ ಹಾಕಿ ಆಡಬಹುದು, ಕವಡೆ ಹಾಕಿಯೂ ಆಡಬಹುದು. ಮನೆಗೊಂದು ನಿಯಮ ಮಾಡಿಕೊಳ್ಳಬಹುದು. ಪಕ್ಕದ ಮನೆಗೆ ಎರವಲು ಕೊಡಬಹುದು, ಮಗಳಿಗೆ ಬಳುವಳಿಯಾಗಿಯೂ ಕಳಿಸಬಹುದು. ಬಿರುಕು ಬಿಟ್ಟರೆ ಊರಿನ ಬಡಗಿ ಸರಿಮಾಡಿಕೊಡುತ್ತಾನೆ. ಮಣೆ ಮಾಡಿದವನು ಹತ್ತು ವರ್ಷದ ನಂತರ ಬಂದು, ಈ ಆಟವನ್ನು ನಿಲ್ಲಿಸಿದ್ದೇನೆ ಎಂದು ಬೀಜಗಳನ್ನು ಎತ್ತಿಕೊಂಡು ಹೋಗುವಂತಿಲ್ಲ.

ಇಷ್ಟು ಸರಳವಾದ ಈ ಮಾತು ವಿದ್ಯುನ್ಮಾನ ಆಟಗಳ ಲೋಕದಲ್ಲಿ ಸರಳವಾಗಿ ಉಳಿದಿಲ್ಲ. ಕಳೆದ ಕೆಲವು ವರ್ಷಗಳಲ್ಲಿ ‘ಹ್ಯಾಂಡ್‌ಹೆಲ್ಡ್ ಗೇಮಿಂಗ್ ಪಿಸಿ’ ಎಂಬ ಹೊಸ ವಸ್ತುವೊಂದು ಬಳಕೆಗೆ ಬಂದಿದೆ. ನಡುವೆ ಏಳು ಅಂಗುಲದ ಪರದೆ, ಎರಡೂ ಬದಿಯಲ್ಲಿ ಹಿಡಿಕೆ, ಹೆಬ್ಬೆರಳಿಗೆ ಸಿಗುವ ಗುಂಡಿ ಮತ್ತು ಕಡ್ಡಿಗಳು. ತೂಕ ಮುಕ್ಕಾಲು ಕಿಲೋದ ಆಸುಪಾಸು. ನೋಡುವುದಕ್ಕೆ ಮಕ್ಕಳ ಆಟಿಕೆ. ಒಳಗಿರುವುದು ಮಾತ್ರ ಮೇಜಿನ ಮೇಲಿಟ್ಟು ಬಳಸುವಂಥ ಪೂರ್ಣ ಪ್ರಮಾಣದ ಕಂಪ್ಯೂಟರ್. ಕೀಲಿಮಣೆ ಸಿಕ್ಕಿಸಿದರೆ ಪತ್ರ ಬರೆಯಬಹುದು, ಲೆಕ್ಕ ಹಾಕಬಹುದು, ಬೇಡವೆನಿಸಿದರೆ ಅದರೊಳಗಿನ ಆಪರೇಟಿಂಗ್ ಸಿಸ್ಟಮನ್ನೇ ಕಿತ್ತು ಬೇರೆಯದನ್ನು ಹಾಕಬಹುದು. ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಸುಮಾರು ಅರ್ಧ ಶತಮಾನದ ಚರಿತ್ರೆಯಲ್ಲಿ, ಕೊಂಡವನಿಗೆ ಇಷ್ಟು ಸ್ವಾತಂತ್ರ್ಯ ಸಿಕ್ಕಿದ್ದು ಅಪರೂಪ. ಈ ಸ್ವಾತಂತ್ರ್ಯ ಹೇಗೆ ಬಂತು, ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂಬುದನ್ನು ತಿಳಿಯಬೇಕಾದರೆ ಜಪಾನಿನ ಕ್ಯೋಟೊ ನಗರದಿಂದ ಆರಂಭಿಸಬೇಕು.

ರೈಲಿನಲ್ಲಿ ಕಂಡ ಕ್ಯಾಲ್ಕುಲೇಟರ್

ಕ್ಯೋಟೊದ ನಿಂಟೆಂಡೊ 1889ರಲ್ಲಿ ‘ಹನಫುದ’ ಎಂಬ ಹೂಚಿತ್ರದ ಇಸ್ಪೀಟು ಎಲೆಗಳನ್ನು ತಯಾರಿಸಲು ಹುಟ್ಟಿದ ಕಂಪನಿ. 1965ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಗುನ್ಪೆ ಯೊಕೊಯಿ ಎಂಬ ತರುಣ ವಿದ್ಯುತ್ ಎಂಜಿನಿಯರಿಂಗ್ ಓದಿದ್ದರೂ, ಆತನ ಪಾಲಿಗೆ ಬಂದದ್ದು ಇಸ್ಪೀಟು ಎಲೆ ತಯಾರಿಸುವ ಯಂತ್ರಗಳ ಉಸ್ತುವಾರಿ. ಬಿಡುವಿನ ವೇಳೆಯಲ್ಲಿ ಆತ ಕತ್ತರಿಯಂತೆ ಚಾಚಿಕೊಂಡು ದೂರದ ವಸ್ತುವನ್ನು ಹಿಡಿಯುವ ಆಟಿಕೆಯೊಂದನ್ನು ಮಾಡಿಕೊಂಡಿದ್ದ. ಅದನ್ನು ಕಂಡ ಕಂಪನಿಯ ಯಜಮಾನ ಹಿರೋಷಿ ಯಾಮಾಉಚಿ ಗದರಿಸುವ ಬದಲು, ಇದನ್ನೇ ಮಾರಾಟಕ್ಕೆ ತಯಾರು ಮಾಡು ಎಂದರು. ‘ಅಲ್ಟ್ರಾ ಹ್ಯಾಂಡ್’ ಎಂಬ ಹೆಸರಿನಲ್ಲಿ 1966ರಲ್ಲಿ ಬಂದ ಆ ಆಟಿಕೆ 12 ಲಕ್ಷಕ್ಕೂ ಹೆಚ್ಚು ಖರ್ಚಾಯಿತು.

ಮುಂದಿನ ಕಥೆಯನ್ನು ಯೊಕೊಯಿ ಅವರೇ ಹೇಳಿಕೊಂಡಿದ್ದಾರೆ. 1970ರ ದಶಕದ ಕೊನೆಯಲ್ಲಿ ಒಂದು ದಿನ ಬುಲೆಟ್ ರೈಲಿನಲ್ಲಿ ಹೋಗುತ್ತಿದ್ದಾಗ, ಹೊತ್ತು ಹೋಗದ ಸಹಪ್ರಯಾಣಿಕನೊಬ್ಬ ಜೇಬಿನ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಸುಮ್ಮನೆ ಒತ್ತುತ್ತ ಕೂತಿದ್ದನಂತೆ. ದೊಡ್ಡವರೂ ಯಾರಿಗೂ ಕಾಣದಂತೆ ತೊಡೆಯ ಮೇಲಿಟ್ಟುಕೊಂಡು ಆಡಬಹುದಾದ ಸಣ್ಣ ಆಟದ ಯಂತ್ರವೊಂದಿದ್ದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಯಜಮಾನರ ಕಾರಿನ ಚಾಲಕ ರಜೆ ಹಾಕಿದ ದಿನ ತಾವೇ ಕಾರು ಓಡಿಸುತ್ತ ಈ ವಿಚಾರವನ್ನು ಪ್ರಸ್ತಾಪಿಸಿದರು. ಯಾಮಾಉಚಿ ಹೋಗುತ್ತಿದ್ದ ಸಭೆಯಲ್ಲಿ ಅವರ ಪಕ್ಕದಲ್ಲೇ ಕೂತಿದ್ದವರು ಕ್ಯಾಲ್ಕುಲೇಟರ್ ತಯಾರಿಸುವ ಶಾರ್ಪ್ ಕಂಪನಿಯ ಮುಖ್ಯಸ್ಥರು!

ಕಾಕತಾಳೀಯವೆನಿಸಿದರೂ ಇದರ ಹಿಂದೆ ಒಂದು ಆರ್ಥಿಕ ಕಾರಣವಿತ್ತು. ಶಾರ್ಪ್ ಮತ್ತು ಕ್ಯಾಸಿಯೊ ಕಂಪನಿಗಳ ನಡುವಿನ ಕ್ಯಾಲ್ಕುಲೇಟರ್ ಸಮರದಿಂದ ಅವುಗಳ ಬೆಲೆ ಪಾತಾಳಕ್ಕೆ ಇಳಿದಿತ್ತು. ದ್ರವಸ್ಫಟಿಕ ಪರದೆ, ಅಂದರೆ ಎಲ್‌ಸಿಡಿ, ತಯಾರಿಸುವ ಕಾರ್ಖಾನೆಗಳಿಗೆ ಹೊಸ ಗಿರಾಕಿ ಬೇಕಾಗಿತ್ತು. ಹೀಗೆ 1980ರ ಏಪ್ರಿಲ್ 28ರಂದು ‘ಗೇಮ್ ಅಂಡ್ ವಾಚ್’ ಸರಣಿಯ ಮೊದಲ ಯಂತ್ರ ಮಾರುಕಟ್ಟೆಗೆ ಬಂತು. ಒಂದು ಯಂತ್ರಕ್ಕೆ ಒಂದೇ ಆಟ, ಜೊತೆಗೊಂದು ಗಡಿಯಾರ. ಇದೇ ಸರಣಿಗಾಗಿ 1982ರಲ್ಲಿ ಯೊಕೊಯಿ ರೂಪಿಸಿದ ಕೂಡುವ ಚಿಹ್ನೆಯ ಆಕಾರದ ಗುಂಡಿ ಇಂದಿಗೂ ಬಹುತೇಕ ಆಟದ ಯಂತ್ರಗಳ ಎಡಬದಿಯಲ್ಲಿ ಕೂತಿದೆ. ಈ ಸರಣಿಯ 4.34 ಕೋಟಿ ಯಂತ್ರಗಳು ಜಗತ್ತಿನಾದ್ಯಂತ ಮಾರಾಟವಾದವು.

ಹಾಸಿಗೆ ಇದ್ದಷ್ಟು ಕಾಲು

ಯೊಕೊಯಿ ಅವರಿಗೆ ಒಂದು ತತ್ವವಿತ್ತು. ಇದೀಗ ಅರಳಿದ ತಂತ್ರಜ್ಞಾನದ ಬೆನ್ನು ಹತ್ತಬೇಡ. ಬಳಸಿ ಬಳಸಿ ಬಾಡಿದ, ಅಗ್ಗವಾದ, ಗುಣದೋಷಗಳೆಲ್ಲ ತಿಳಿದಿರುವ ತಂತ್ರಜ್ಞಾನಕ್ಕೆ ಹೊಸ ಉಪಯೋಗ ಹುಡುಕು ಎಂಬುದೇ ಅದು. ನಮ್ಮ ಹಿರಿಯರ ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಗೆ ಇದು ದೂರದ ನೆಂಟ. ಈ ತತ್ವದ ದೊಡ್ಡ ಪರೀಕ್ಷೆ ನಡೆದದ್ದು 1989ರಲ್ಲಿ.

ಆ ವರ್ಷದ ಏಪ್ರಿಲ್‌ನಲ್ಲಿ ಜಪಾನಿನಲ್ಲಿ ‘ಗೇಮ್ ಬಾಯ್’ ಬಿಡುಗಡೆಯಾಯಿತು. ಬೆಲೆ 12,500 ಯೆನ್. ಬೂದುಬಣ್ಣದ ಇಟ್ಟಿಗೆಯಂಥ ಡಬ್ಬಿ. ಹಸಿರು ಛಾಯೆಯ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆ, ಬಣ್ಣವೆಂಬುದಿಲ್ಲ, ನಾಲ್ಕು ಛಾಯೆಗಳು ಮಾತ್ರ. ಪರದೆಗೆ ಬೆಳಕೂ ಇಲ್ಲ, ದೀಪದ ಕೆಳಗೆ ಕೂತೇ ಆಡಬೇಕು. ಅದೇ ವರ್ಷ ಅಮೆರಿಕದ ಅಟಾರಿ ಕಂಪನಿ ತಂದ ‘ಲಿಂಕ್ಸ್’ ಯಂತ್ರದಲ್ಲಿ ಬಣ್ಣದ, ಬೆಳಗುವ ಪರದೆಯಿತ್ತು. ಮರುವರ್ಷ ಸೆಗಾ ಕಂಪನಿಯ ‘ಗೇಮ್ ಗಿಯರ್’ ಕೂಡ ಬಣ್ಣದೊಂದಿಗೇ ಬಂತು. ನೋಡಿದವರು ಯಾರೂ ಗೇಮ್ ಬಾಯ್ ಗೆಲ್ಲುತ್ತದೆಂದು ಹೇಳುವಂತಿರಲಿಲ್ಲ.

ಆದರೆ ಗೆದ್ದದ್ದು ಅದೇ. ಕಾರಣ ಇರುವುದು ಬ್ಯಾಟರಿಯಲ್ಲಿ. ಬಣ್ಣದ ಯಂತ್ರಗಳಿಗೆ ಗೋಡೆ ಗಡಿಯಾರಕ್ಕೆ ಹಾಕುವಂಥ ಆರು ಸೆಲ್ ಬೇಕಿತ್ತು, ಅವು ನಾಲ್ಕೈದು ಗಂಟೆಯಲ್ಲಿ ಮುಗಿದುಹೋಗುತ್ತಿದ್ದವು. ಗೇಮ್ ಬಾಯ್‌ಗೆ ನಾಲ್ಕೇ ಸೆಲ್; ಅವು ಹದಿನೈದು ಗಂಟೆಯಾದರೂ ನಡೆಯುತ್ತಿದ್ದವು. ಯಂತ್ರ ಎಳೆಯುತ್ತಿದ್ದ ವಿದ್ಯುತ್ತು ಒಂದು ವ್ಯಾಟ್‌ಗಿಂತ ಕಡಿಮೆ. ಬೆಲೆಯೂ ಅಷ್ಟೆ: ಅಮೆರಿಕದಲ್ಲಿ ಲಿಂಕ್ಸ್‌ಗೆ ಸುಮಾರು 180 ಡಾಲರ್ ಇದ್ದಾಗ ಗೇಮ್ ಬಾಯ್‌ಗೆ 90 ಡಾಲರ್. ಕೆಳಗೆ ಬಿದ್ದರೂ ಒಡೆಯದ ಗಟ್ಟಿತನ ಬೇರೆ. 1990–91ರ ಕೊಲ್ಲಿ ಯುದ್ಧದಲ್ಲಿ ಸುಟ್ಟು ಕರಕಲಾದರೂ ನಡೆಯುತ್ತಿದ್ದ ಒಂದು ಗೇಮ್ ಬಾಯ್ ನ್ಯೂಯಾರ್ಕಿನ ನಿಂಟೆಂಡೊ ಮಳಿಗೆಯಲ್ಲಿ ಬಹುಕಾಲ ಪ್ರದರ್ಶನಕ್ಕಿತ್ತು. 1998ರಲ್ಲಿ ಬಂದ ಬಣ್ಣದ ಮಾದರಿಯೂ ಸೇರಿ ಒಟ್ಟು 11.87 ಕೋಟಿ ಯಂತ್ರಗಳು ಮಾರಾಟವಾದವು. ಯೊಕೊಯಿ ಮಾತ್ರ 1996ರಲ್ಲಿ ಕಂಪನಿ ಬಿಟ್ಟು, ಮರುವರ್ಷವೇ ರಸ್ತೆ ಅಪಘಾತವೊಂದರಲ್ಲಿ ತೀರಿಕೊಂಡರು.

ಗೇಮ್ ಬಾಯ್ ಜೊತೆಗೆ ಅಮೆರಿಕದಲ್ಲಿ ಉಚಿತವಾಗಿ ಕೊಟ್ಟ ಆಟ ‘ಟೆಟ್ರಿಸ್’. ಇದರ ಕಥೆ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಈ ಆಟ ರಚಿಸಿದರು. ಜಗತ್ತೇ ಅದನ್ನು ಆಡಿತು. ಆದರೆ ಮಾರಾಟದ ಹಕ್ಕು ಸೋವಿಯತ್ ಸರ್ಕಾರದ ಎಲೋರ್ಗ್ ಸಂಸ್ಥೆಯದಾಗಿತ್ತು. ಆಟ ಸೃಷ್ಟಿಸಿದವನಿಗೆ ಅದರಿಂದ ಗೌರವಧನ ಬರಲು ಶುರುವಾದದ್ದು 1996ರಲ್ಲಿ, ಹನ್ನೆರಡು ವರ್ಷಗಳ ನಂತರ. ಆಡುವವನ ಹಕ್ಕು ಹಾಗಿರಲಿ, ಮಾಡಿದವನ ಹಕ್ಕೇ ಹೀಗಿತ್ತು.

ಬಾಗಿಲಿಗೊಂದು ಬೀಗ

ಗೇಮ್ ಬಾಯ್ ಚಾಲೂ ಮಾಡಿದಾಗ ಪರದೆಯ ಮೇಲಿಂದ ‘ನಿಂಟೆಂಡೊ’ ಎಂಬ ಹೆಸರು ನಿಧಾನವಾಗಿ ಇಳಿದು ಬಂದು ನಡುವೆ ನಿಲ್ಲುತ್ತಿತ್ತು. ಆಡಿದವರೆಲ್ಲರ ನೆನಪಿನಲ್ಲಿರುವ ದೃಶ್ಯ ಅದು. ಅದು ಬರಿಯ ಜಾಹೀರಾತಲ್ಲ, ಒಂದು ತಪಾಸಣೆ. ಆ ಹೆಸರಿನ ಚಿತ್ರವನ್ನು ಯಂತ್ರ ಓದುತ್ತಿದ್ದುದು ಸಿಕ್ಕಿಸಿದ ಆಟದ ಕಾರ್ಟ್ರಿಡ್ಜಿನಿಂದ. ಅದನ್ನು ತನ್ನೊಳಗಿದ್ದ ಪ್ರತಿಯೊಂದಿಗೆ ಹೋಲಿಸಿ ನೋಡುತ್ತಿತ್ತು. ಒಂದು ಚುಕ್ಕೆ ವ್ಯತ್ಯಾಸವಾದರೂ ಯಂತ್ರ ಅಲ್ಲಿಗೇ ನಿಂತುಬಿಡುತ್ತಿತ್ತು.

ಇದರ ಜಾಣತನ ಇರುವುದು ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಕಾನೂನಿನಲ್ಲಿ. ಅನುಮತಿ ಇಲ್ಲದೆ ಯಾರಾದರೂ ಆಟ ಮಾಡಿ ಮಾರಬೇಕೆಂದರೆ ನಿಂಟೆಂಡೊದ ನೋಂದಾಯಿತ ಚಿಹ್ನೆಯನ್ನು ತಮ್ಮ ಕಾರ್ಟ್ರಿಡ್ಜಿನಲ್ಲಿ ನಕಲು ಮಾಡಲೇಬೇಕು. ಮಾಡಿದರೆ ಚಿಹ್ನೆ ಕದ್ದ ಆರೋಪ, ಮಾಡದಿದ್ದರೆ ಆಟ ನಡೆಯುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಬೀಗ ಹಾಕಿದ್ದಕ್ಕೆ ಕಂಪನಿಗಳಿಗೂ ಒಂದು ಸಮರ್ಥನೆಯಿತ್ತು ಎಂಬುದನ್ನು ಮರೆಯುವಂತಿಲ್ಲ. 1983ರಲ್ಲಿ ಅಮೆರಿಕದ ವಿಡಿಯೊ ಆಟಗಳ ಮಾರುಕಟ್ಟೆ ಕುಸಿದುಬಿತ್ತು. ಯಾರು ಬೇಕಾದರೂ ಮಾಡಿ ಮಾರಿದ ಕಳಪೆ ಆಟಗಳ ರಾಶಿ ಅದಕ್ಕೆ ಒಂದು ಮುಖ್ಯ ಕಾರಣವೆಂದು ಉದ್ಯಮ ನಂಬಿತು. ಆದ್ದರಿಂದ 1985ರಲ್ಲಿ ಅಮೆರಿಕಕ್ಕೆ ಕಾಲಿಟ್ಟ ನಿಂಟೆಂಡೊ ತನ್ನ ಟಿ.ವಿ. ಆಟದ ಯಂತ್ರದಲ್ಲೂ ಕಾರ್ಟ್ರಿಡ್ಜಿನಲ್ಲೂ ಜೋಡಿ ಚಿಪ್ಪುಗಳನ್ನು ಇಟ್ಟಿತು. ಅವೆರಡೂ ಪರಸ್ಪರ ಗುರುತು ಹಿಡಿದರೆ ಮಾತ್ರ ಆಟ. ಆಟ ತಯಾರಿಸುವವರು ನಿಂಟೆಂಡೊದಿಂದ ಲೈಸೆನ್ಸ್ ಪಡೆಯಬೇಕು, ವರ್ಷಕ್ಕೆ ಇಂತಿಷ್ಟೇ ಆಟ ಎಂಬ ಮಿತಿಗೆ ಒಪ್ಪಬೇಕು. ಗುಣಮಟ್ಟ ಉಳಿಯಿತು ನಿಜ. ಜೊತೆಗೆ ಮಾರುಕಟ್ಟೆಯ ಬಾಗಿಲ ಕೀಲಿಕೈ ಒಬ್ಬರ ಸೊಂಟಕ್ಕೆ ಸೇರಿತು.

1992ರಲ್ಲಿ ಇಂಥದೇ ಒಂದು ಬೀಗ ಅಮೆರಿಕದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂತು. ಸೆಗಾದ ಯಂತ್ರಕ್ಕೆ ಅನುಮತಿ ಇಲ್ಲದೆ ಆಟ ತಯಾರಿಸಿದ್ದ ಅಕೊಲೇಡ್ ಎಂಬ ಕಂಪನಿಯ ಮೇಲೆ ಸೆಗಾ ದಾವೆ ಹೂಡಿತ್ತು. ಹೊಂದಿಕೊಳ್ಳುವ ಆಟ ಮಾಡುವ ಸಲುವಾಗಿ ಯಂತ್ರದ ಒಳಗುಟ್ಟನ್ನು ಬಿಚ್ಚಿ ನೋಡುವುದು ತಪ್ಪಲ್ಲ ಎಂದು ನ್ಯಾಯಾಲಯ ಹೇಳಿತು. ಪರದೆಯ ಮೇಲೆ ಸೆಗಾದ ಹೆಸರು ಮೂಡಿದ್ದರಿಂದ ಗೊಂದಲವಾಗಿದ್ದರೆ ಅದಕ್ಕೆ ಹಾಗೆ ಬೀಗ ರೂಪಿಸಿದ ಸೆಗಾದ್ದೇ ಹೊಣೆ ಎಂದೂ ಅಭಿಪ್ರಾಯಪಟ್ಟಿತು. ತೀರ್ಪು ದೊಡ್ಡದೇ. ಆದರೆ ಅದರಿಂದ ಬೀಗಗಳು ಹೋಗಲಿಲ್ಲ, ಇನ್ನಷ್ಟು ಗಟ್ಟಿಯಾದವು.

2004ರ ಡಿಸೆಂಬರ್‌ನಲ್ಲಿ ಸೋನಿಯ ‘ಪಿಎಸ್‌ಪಿ’ ಬಂದಾಗ ಈ ಜಗ್ಗಾಟ ಮತ್ತೆ ಕಾಣಿಸಿಕೊಂಡಿತು. ಸುಂದರವಾದ ಅಗಲ ಪರದೆ, ಒಳ್ಳೆಯ ಶಕ್ತಿ. ಹವ್ಯಾಸಿಗಳು ಅದರಲ್ಲಿ ತಾವೇ ಬರೆದ ಪ್ರೋಗ್ರಾಂಗಳನ್ನು ನಡೆಸುವ ದಾರಿ ಕಂಡುಕೊಂಡರು. ಕಂಪನಿ ಹೊಸ ಆವೃತ್ತಿಯ ಮೂಲಕ ಆ ದಾರಿ ಮುಚ್ಚಿತು. ಅವರು ಇನ್ನೊಂದು ಕಂಡಿ ಹುಡುಕಿದರು. ವರ್ಷಗಟ್ಟಲೆ ಈ ಆಟದೊಳಗಿನ ಆಟ ನಡೆಯಿತು. 2010ರಲ್ಲಂತೂ ಸೋನಿ ತನ್ನ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಹಾಕಿಕೊಳ್ಳಲು ತಾನೇ ಕೊಟ್ಟಿದ್ದ ಸೌಲಭ್ಯವನ್ನು ಹೊಸ ಆವೃತ್ತಿಯೊಂದರ ಮೂಲಕ ಕಿತ್ತುಕೊಂಡಿತು. ಮನೆಗೆ ತಂದಿಟ್ಟ ವಸ್ತುವಿನ ಗುಣವನ್ನು ಮಾರಿದವರು ದೂರದಿಂದಲೇ ಬದಲಿಸಬಹುದು ಎಂಬುದು ಅನೇಕರಿಗೆ ಮನದಟ್ಟಾದದ್ದು ಆಗ. ಸರಿಯಾಗಿ ಹಣ ತೆತ್ತು ತಂದರೂ, ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಸ್ಥಿತಿ.

ಕುಗ್ಗುತ್ತ ಬಂದ ಕಂಪ್ಯೂಟರ್

ಇದೇ ಕಾಲದಲ್ಲಿ ಇನ್ನೊಂದು ದಿಕ್ಕಿನಿಂದ ಬೇರೊಂದು ಧಾರೆ ಹರಿದು ಬರುತ್ತಿತ್ತು. ಐಬಿಎಂ 1981ರಲ್ಲಿ ತಂದ ಪಿಸಿ ಬಹುಮಟ್ಟಿಗೆ ತೆರೆದ ಮನೆ. ಯಾರು ಬೇಕಾದರೂ ಅದಕ್ಕೆ ತಂತ್ರಾಂಶ ಬರೆಯಬಹುದು, ಬಿಡಿಭಾಗ ಮಾಡಬಹುದು. ಈ ತೆರೆದ ಮನೆಯನ್ನು ಅಂಗೈಗೆ ಇಳಿಸುವ ಪ್ರಯತ್ನ ಬಹಳ ಹಿಂದೆಯೇ ಶುರುವಾಗಿತ್ತು. 1991ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ತಂದ ‘95ಎಲ್‌ಎಕ್ಸ್’ ಎರಡು ಸಣ್ಣ ಸೆಲ್‌ಗಳಲ್ಲಿ ಡಾಸ್ ನಡೆಸುತ್ತಿತ್ತು. 1996ರಲ್ಲಿ ತೊಷಿಬಾದ ‘ಲಿಬ್ರೆಟೊ’ ಒಂದು ಕಾದಂಬರಿಯ ಗಾತ್ರದಲ್ಲಿ ವಿಂಡೋಸ್ 95 ಕೊಟ್ಟಿತು. 2006ರಲ್ಲಿ ಮೈಕ್ರೊಸಾಫ್ಟ್ ಮತ್ತು ಇಂಟೆಲ್ ‘ಒರಿಗಾಮಿ’ ಎಂಬ ಹೆಸರಿನಲ್ಲಿ ಕೈಯಳತೆಯ ಕಂಪ್ಯೂಟರುಗಳನ್ನು ದೊಡ್ಡ ಸದ್ದಿನೊಂದಿಗೆ ಪ್ರಕಟಿಸಿದವು. ಇವು ಯಾವುವೂ ಆಟಕ್ಕೆ ಒದಗಲಿಲ್ಲ. ಆಟದ ಚಿತ್ರಗಳನ್ನು ಕ್ಷಣಕ್ಷಣಕ್ಕೂ ಬರೆಯುವಷ್ಟು ಶಕ್ತಿ ಬೇಕೆಂದರೆ ಯಂತ್ರ ಬಿಸಿಯಾಗುತ್ತಿತ್ತು, ಬ್ಯಾಟರಿ ಬರಿದಾಗುತ್ತಿತ್ತು.

ಸಣ್ಣ ಸಾಹಸಿಗಳು ಸುಮ್ಮನಿರಲಿಲ್ಲ. 2001ರಲ್ಲಿ ದಕ್ಷಿಣ ಕೊರಿಯದ ‘ಜಿಪಿ32’ ಎಂಬ ಯಂತ್ರ ಹವ್ಯಾಸಿಗಳು ತಾವೇ ಬರೆದ ಆಟಗಳಿಗೆ ಬಾಗಿಲು ತೆರೆಯಿತು. 2010ರಲ್ಲಿ ಯುರೋಪಿನ ಉತ್ಸಾಹಿಗಳ ಗುಂಪೊಂದು ಕೀಲಿಮಣೆಯೂ ಇದ್ದ ‘ಪಂಡೋರ’ ಎಂಬ ಲಿನಕ್ಸ್ ಯಂತ್ರವನ್ನು ಹೊರತಂದಿತು. 2016ರಲ್ಲಿ ಚೀನಾದ ಶೆನ್‌ಝೆನ್‌ನ ಜಿಪಿಡಿ ಎಂಬ ಸಣ್ಣ ಕಂಪನಿ ಸಾರ್ವಜನಿಕರಿಂದ ಮುಂಗಡ ಹಣ ಸಂಗ್ರಹಿಸಿ ‘ಜಿಪಿಡಿ ವಿನ್’ ತಯಾರಿಸಿತು. ಐದೂವರೆ ಅಂಗುಲದ ಪರದೆ, ವಿಂಡೋಸ್ 10, ಆಟದ ಗುಂಡಿಗಳು. ಇಂದಿನ ಹ್ಯಾಂಡ್‌ಹೆಲ್ಡ್ ಪಿಸಿಯ ನಿಜವಾದ ಹಿರಿಯಣ್ಣ ಇದೇ ಎನ್ನಬಹುದು. ಮರುವರ್ಷ ಬಂದ ನಿಂಟೆಂಡೊ ‘ಸ್ವಿಚ್’ ದೊಡ್ಡ ಆಟಗಳನ್ನೂ ಕೈಯಲ್ಲಿ ಹಿಡಿದು ಆಡಲು ಜನ ಸಿದ್ಧರಿದ್ದಾರೆಂಬುದನ್ನು ತೋರಿಸಿಕೊಟ್ಟಿತು.

ವಾಲ್ವ್‌ನ ಆತಂಕ, ಲಿನಕ್ಸ್‌ನ ನೆರವು

ಎರಡೂ ಧಾರೆಗಳು ಕೂಡಿದ್ದು ಅಮೆರಿಕದ ವಾಲ್ವ್ ಕಂಪನಿಯ ಕೈಯಲ್ಲಿ. ಇದಕ್ಕೆ ಪ್ರೇರಣೆ ಔದಾರ್ಯಕ್ಕಿಂತ ಹೆಚ್ಚಾಗಿ ಆತಂಕ. ವಾಲ್ವ್ 2003ರಲ್ಲಿ ಆರಂಭಿಸಿದ ‘ಸ್ಟೀಮ್’ ಪಿಸಿ ಆಟಗಳ ಅತಿ ದೊಡ್ಡ ಅಂಗಡಿಯಾಗಿ ಬೆಳೆದಿತ್ತು. ಆದರೆ ಅಂಗಡಿ ಇದ್ದದ್ದು ಬಾಡಿಗೆ ಜಾಗದಲ್ಲಿ, ಅಂದರೆ ಮೈಕ್ರೊಸಾಫ್ಟಿನ ವಿಂಡೋಸ್ ಮೇಲೆ. 2012ರಲ್ಲಿ ವಿಂಡೋಸ್ 8 ತನ್ನದೇ ಅಂಗಡಿಯನ್ನು ಹೊತ್ತು ಬಂದಾಗ ವಾಲ್ವ್‌ನ ಮುಖ್ಯಸ್ಥ ಗೇಬ್ ನ್ಯೂವೆಲ್ ಅದನ್ನು ಬಹಿರಂಗವಾಗಿಯೇ ಕಟುವಾಗಿ ಟೀಕಿಸಿದರು. ಮನೆಯ ಮಾಲೀಕನೇ ಕೆಳಗಡೆ ಅದೇ ವ್ಯಾಪಾರದ ಅಂಗಡಿ ತೆರೆದರೆ ಬಾಡಿಗೆದಾರನಿಗೆ ನಿದ್ರೆ ಬಂದೀತೆ?

ಪರ್ಯಾಯವೆಂದರೆ ಯಾರ ಸ್ವತ್ತೂ ಅಲ್ಲದ, ಎಲ್ಲರ ಸ್ವತ್ತೂ ಆದ ಲಿನಕ್ಸ್. ಲಿನಕ್ಸ್ ಆಧಾರಿತ ‘ಸ್ಟೀಮ್ ಮಷಿನ್’ಗಳನ್ನು ವಾಲ್ವ್ 2015ರಲ್ಲಿ ಇತರ ಕಂಪನಿಗಳ ಮೂಲಕ ಮಾರುಕಟ್ಟೆಗೆ ತಂದಿತು. ಅವು ಸೋತವು. ಆಟಗಳೆಲ್ಲ ವಿಂಡೋಸಿಗಾಗಿ ಬರೆದಂಥವು. ಲಿನಕ್ಸ್‌ಗಾಗಿ ಮತ್ತೆ ಬರೆಯಲು ತಯಾರಕರು ಒಪ್ಪಲಿಲ್ಲ. ಆಟಗಳು ಇಲ್ಲವಾದ್ದರಿಂದ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲವಾದ್ದರಿಂದ ಆಟಗಳಿಲ್ಲ.

ಇಲ್ಲಿ ಕೈಹಿಡಿದದ್ದು ಸ್ವಯಂಸೇವಕರ ಹಳೆಯ ದುಡಿಮೆ. ವಿಂಡೋಸಿಗೆ ಬರೆದ ತಂತ್ರಾಂಶವನ್ನು ಲಿನಕ್ಸ್ ಮೇಲೆ ನಡೆಸುವ ‘ವೈನ್’ ಎಂಬ ಯೋಜನೆ 1993ರಷ್ಟು ಹಿಂದೆಯೇ ಆರಂಭವಾಗಿತ್ತು. ಇದನ್ನು ದುಭಾಷಿ ಎಂದು ತಿಳಿಯಬಹುದು. ಆಟ ವಿಂಡೋಸಿನ ಭಾಷೆಯಲ್ಲಿ ಒಂದು ಕೆಲಸ ಕೇಳುತ್ತದೆ. ದುಭಾಷಿ ಅದನ್ನು ಲಿನಕ್ಸ್‌ನ ಭಾಷೆಗೆ ತಿರುಗಿಸಿ ಕೆಲಸ ಮಾಡಿಸಿಕೊಡುತ್ತದೆ. ಆಟಕ್ಕೆ ತಾನು ಪರದೇಶದಲ್ಲಿದ್ದೇನೆ ಎಂಬುದೇ ಗೊತ್ತಾಗುವುದಿಲ್ಲ. ಇದರ ಮೇಲೆ ಚಿತ್ರಗಳನ್ನು ಬರೆಯುವ ಆಜ್ಞೆಗಳ ಅನುವಾದವನ್ನೂ ಸೇರಿಸಿ ವಾಲ್ವ್ 2018ರ ಆಗಸ್ಟ್‌ನಲ್ಲಿ ‘ಪ್ರೋಟಾನ್’ ಬಿಡುಗಡೆ ಮಾಡಿತು. ಸಾವಿರಾರು ಹಳೆಯ ಹೊಸ ಆಟಗಳು ಮತ್ತೆ ಬರೆಯದೆಯೇ ಲಿನಕ್ಸ್‌ನಲ್ಲಿ ನಡೆಯತೊಡಗಿದವು.

ಈ ಅಡಿಪಾಯದ ಮೇಲೆ ಬಂದದ್ದು ‘ಸ್ಟೀಮ್ ಡೆಕ್’. 2021ರ ಜುಲೈನಲ್ಲಿ ಘೋಷಣೆಯಾಗಿ, ಬಿಡಿಭಾಗಗಳ ಕೊರತೆಯಿಂದ ಎರಡು ತಿಂಗಳು ತಡವಾಗಿ, 2022ರ ಫೆಬ್ರವರಿ 28ರಂದು ಕೊಂಡವರತ್ತ ಹೊರಟಿತು. ಆಗಿನ ಆರಂಭದ ಬೆಲೆ 399 ಡಾಲರ್. 2023ರಲ್ಲಿ ತೈವಾನಿನ ಏಸಸ್ ಕಂಪನಿಯ ‘ಆರ್‌ಒಜಿ ಅಲೈ’, ಲೆನೊವೊದ ‘ಲೀಜನ್ ಗೊ’ ವಿಂಡೋಸ್ ಹೊತ್ತು ಬಂದವು. 2025ರ ಮೇ ತಿಂಗಳಲ್ಲಿ ಲೆನೊವೊ ವಾಲ್ವ್‌ನ ಸ್ಟೀಮ್‌ಓಎಸ್ ಇರುವ ಯಂತ್ರವನ್ನೂ ಮಾರಿತು. ಅದೇ ಅಕ್ಟೋಬರ್‌ನಲ್ಲಿ ಏಸಸ್ ಜೊತೆ ಕೈಜೋಡಿಸಿ ಮೈಕ್ರೊಸಾಫ್ಟ್ ಕೂಡ ತನ್ನ ಎಕ್ಸ್‌ಬಾಕ್ಸ್ ಹೆಸರನ್ನು ಒಂದು ಹ್ಯಾಂಡ್‌ಹೆಲ್ಡ್ ಪಿಸಿಗೆ ಕೊಟ್ಟಿತು.

ಆಡುವವನ ಲೆಕ್ಕಾಚಾರ

ಇಂಥ ಯಂತ್ರವನ್ನು ಬಳಸುವುದೆಂದರೆ ಸದಾ ಒಂದು ಸಣ್ಣ ಸಂಸಾರದ ಲೆಕ್ಕ ನಡೆಸಿದಂತೆ. ಸ್ಟೀಮ್ ಡೆಕ್‌ನ ಮೊದಲ ಮಾದರಿಯ ಬ್ಯಾಟರಿ 40 ವ್ಯಾಟ್-ಗಂಟೆಯದು. ಅದರ ಮುಖ್ಯ ಚಿಪ್ಪು 4ರಿಂದ 15 ವ್ಯಾಟ್‌ವರೆಗೆ ಉಣ್ಣುತ್ತದೆ, ಪರದೆ ಮತ್ತು ಫ್ಯಾನಿನ ಖರ್ಚು ಬೇರೆ. ಒಟ್ಟು ಖರ್ಚು 20 ವ್ಯಾಟ್ ಆದರೆ ಎರಡೇ ಗಂಟೆ. 8 ವ್ಯಾಟ್‌ಗೆ ಇಳಿಸಿಕೊಂಡರೆ ಐದು ಗಂಟೆ. ಸೆಕೆಂಡಿಗೆ 60 ಚಿತ್ರ ಬೇಕೆ, 40 ಸಾಕೆ? ನೆರಳು, ನೀರಿನ ಹೊಳಪು ಇಷ್ಟು ಬೇಕೆ? ಪರದೆಯ ಬೆಳಕು ತಗ್ಗಿಸೋಣವೆ? ಈ ಪ್ರಶ್ನೆಗಳಿಗೆಲ್ಲ ಉತ್ತರ ಹೇಳಬೇಕಾದವನು ಆಡುವವನೇ. ಮುಚ್ಚಿದ ಯಂತ್ರಗಳಲ್ಲಿ ತಯಾರಕರು ಮೊದಲೇ ನಿರ್ಧರಿಸಿಟ್ಟಿರುವುದನ್ನು ಇಲ್ಲಿ ಬಳಕೆದಾರ ತಾನೇ ನಿರ್ಧರಿಸುತ್ತಾನೆ. ಕೆಲವರಿಗೆ ಇದು ಕಿರಿಕಿರಿ, ಕೆಲವರಿಗೆ ಇದೇ ಅರ್ಧ ಆಟ.

ಯೊಕೊಯಿ ಅವರ ಪಾಠ ಇಲ್ಲೂ ಕಾಣುತ್ತದೆ. ಸ್ಟೀಮ್ ಡೆಕ್ ಪರದೆಯಲ್ಲಿ ಅಡ್ಡಕ್ಕೆ 1280, ಉದ್ದಕ್ಕೆ 800 ಚುಕ್ಕೆಗಳು, ಒಟ್ಟು ಸುಮಾರು 10 ಲಕ್ಷ. ಆರ್‌ಒಜಿ ಅಲೈ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು. ಕಾಗದದ ಮೇಲೆ ಎರಡನೆಯದೇ ಮೇಲು. ಆದರೆ ಏಳು ಅಂಗುಲದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಕಡಿಮೆ, ಅಷ್ಟು ಚುಕ್ಕೆಗಳನ್ನು ಕ್ಷಣಕ್ಷಣಕ್ಕೂ ಬರೆಯಲು ತಗಲುವ ವಿದ್ಯುತ್ತು ಹೆಚ್ಚು. ಒಟ್ಟು 23,040 ಚುಕ್ಕೆಗಳಲ್ಲಿ ಜಗತ್ತನ್ನು ಗೆದ್ದ ಗೇಮ್ ಬಾಯ್‌ನ ನೆನಪು ಇಲ್ಲಿ ಸಹಜವಾಗಿಯೇ ಆಗುತ್ತದೆ.

ರಿಪೇರಿಯ ವಿಷಯದಲ್ಲೂ ಹೊಸ ಗಾಳಿ ಬೀಸಿತು. 2021ರ ಅಕ್ಟೋಬರ್‌ನಲ್ಲಿ ವಾಲ್ವ್ ಯಂತ್ರವನ್ನು ಬಿಚ್ಚುವ ಬಗೆಯನ್ನು ತಾನೇ ಚಿತ್ರೀಕರಿಸಿ ತೋರಿಸಿತು. ಬಿಚ್ಚದಿರುವುದೇ ಒಳಿತು, ಆದರೆ ಇದು ನಿಮ್ಮ ಪಿಸಿ, ಬಿಚ್ಚುವ ಹಕ್ಕು ನಿಮ್ಮದು ಎಂಬುದು ಅದರ ಧಾಟಿ. 2022ರಲ್ಲಿ ಐಫಿಕ್ಸಿಟ್ ಎಂಬ ಅಮೆರಿಕದ ಕಂಪನಿಯ ಮೂಲಕ ಬಿಡಿಭಾಗಗಳೂ ಮಾರಾಟಕ್ಕೆ ಬಂದವು. ಹೊರಕವಚದ ನಕ್ಷೆಗಳನ್ನೂ ಸಾರ್ವಜನಿಕರಿಗೆ ಕೊಡಲಾಯಿತು. ಊರಿನ ಬಡಗಿಗೆ ಮತ್ತೆ ಕೆಲಸ ಸಿಕ್ಕಿತು ಎನ್ನೋಣ.

ಕೊಂಡದ್ದೇನು?

ಹಾಗಾದರೆ ಅಳಗುಳಿ ಮಣೆಯ ಸ್ವಾತಂತ್ರ್ಯ ಮರಳಿ ಬಂತೆ? ಇಲ್ಲಿ ಒಂದು ತಿರುವಿದೆ. ಯಂತ್ರ ತೆರೆದುಕೊಂಡ ಹೊತ್ತಿಗೇ ಆಟ ಮುಚ್ಚಿಕೊಂಡಿತು. ಗೇಮ್ ಬಾಯ್ ಬೀಗ ಹಾಕಿದ ಯಂತ್ರವಾಗಿತ್ತು. ಆದರೆ ಅದರ ಕಾರ್ಟ್ರಿಡ್ಜ್ ಕೊಂಡವನದೇ. ಗೆಳೆಯನಿಗೆ ಕೊಡಬಹುದಿತ್ತು, ಹಳೆಯ ಸಾಮಾನಿನ ಅಂಗಡಿಯಲ್ಲಿ ಮಾರಬಹುದಿತ್ತು, ಮೂವತ್ತು ವರ್ಷದ ನಂತರ ಅಟ್ಟದಿಂದ ತೆಗೆದು ಆಡಬಹುದಿತ್ತು. ಹ್ಯಾಂಡ್‌ಹೆಲ್ಡ್ ಪಿಸಿಯಲ್ಲಿ ಆಡುವ ಆಟಗಳು ಬಹುತೇಕ ಅಂತರ್ಜಾಲದಿಂದ ಇಳಿಸಿಕೊಂಡವು. ಕೊಳ್ಳುವವನಿಗೆ ಸಿಗುವುದು ಆಟವಲ್ಲ, ಆಡಲು ಅನುಮತಿ. ಮಾರುವಂತಿಲ್ಲ, ಮಕ್ಕಳಿಗೆ ಬಿಟ್ಟುಹೋಗುವುದೂ ಸುಲಭವಲ್ಲ.

ಇದು ಬರಿಯ ಮಾತಿನ ಸೂಕ್ಷ್ಮವಲ್ಲ. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿಯ ‘ದ ಕ್ರೂ’ ಎಂಬ ಕಾರು ಓಟದ ಆಟ 2014ರಲ್ಲಿ ಬಂದಿತ್ತು. 2024ರ ಮಾರ್ಚ್ 31ರಂದು ಕಂಪನಿ ತನ್ನ ಸರ್ವರ್‌ಗಳನ್ನು ನಿಲ್ಲಿಸಿತು. ಹಣ ಕೊಟ್ಟು ಕೊಂಡಿದ್ದವರೆಲ್ಲರ ಆಟ ಅಂದಿಗೆ ಮುಗಿಯಿತು, ಒಬ್ಬರೇ ಕೂತು ಆಡುವ ಭಾಗವೂ ಸೇರಿ. ಅದೇ ವರ್ಷದ ಅಕ್ಟೋಬರ್ ಕೊನೆಗೆ ‘ಏಪೆಕ್ಸ್ ಲೆಜೆಂಡ್ಸ್’ ಎಂಬ ಜನಪ್ರಿಯ ಆಟ ಲಿನಕ್ಸ್ ಮೇಲಿನ ಆಟಗಾರರಿಗೆ ಬಾಗಿಲು ಹಾಕಿತು. ಮೋಸದಾಟ ತಡೆಯುವುದು ಕಷ್ಟವಾಗುತ್ತಿದೆ ಎಂಬುದು ಕೊಟ್ಟ ಕಾರಣ. ನಿನ್ನೆಯವರೆಗೆ ಸ್ಟೀಮ್ ಡೆಕ್‌ನಲ್ಲಿ ನಡೆಯುತ್ತಿದ್ದ ಆಟ ಇಂದು ನಡೆಯದಾಯಿತು. ಯಂತ್ರ ಕೆಟ್ಟಿರಲಿಲ್ಲ.

ಹಳೆಯ ಆಟಗಳ ಗತಿಯೂ ಚಿಂತೆಯದೇ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಅಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಅಂಗಡಿಯಲ್ಲಿ ಸಿಗುವುದಿಲ್ಲ. ಪುಸ್ತಕ ಮರುಮುದ್ರಣವಾಗದಿದ್ದರೂ ಗ್ರಂಥಾಲಯದಲ್ಲಿ ಉಳಿಯುತ್ತದೆ. ಆಟಕ್ಕೆ ಅಂಥ ಗ್ರಂಥಾಲಯ ಇನ್ನೂ ಗಟ್ಟಿಯಾಗಿ ನಿಂತಿಲ್ಲ.

ಜನರ ಅಸಮಾಧಾನ ಕಾನೂನಿನ ಬಾಗಿಲು ತಟ್ಟಿದೆ. ಅನುಮತಿಯನ್ನಷ್ಟೇ ಮಾರುತ್ತ ‘ಕೊಳ್ಳಿ’ ಎಂದು ಬರೆಯುವವರು ಆ ಸಂಗತಿಯನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕ್ಯಾಲಿಫೋರ್ನಿಯ ರಾಜ್ಯ 2024ರಲ್ಲಿ ಕಾಯ್ದೆ ಮಾಡಿತು. 2025ರ ಜನವರಿಯಿಂದ ಅದು ಜಾರಿಗೆ ಬಂತು. ಸ್ಟೀಮ್ ಅದಕ್ಕೂ ಮೊದಲೇ ತನ್ನ ಪಾವತಿ ಪುಟದಲ್ಲಿ ಈ ಸೂಚನೆ ಹಾಕಿತು. ಮಾರಿದ ಆಟಗಳನ್ನು ಕೊಲ್ಲಬಾರದೆಂದು ಒತ್ತಾಯಿಸುವ ಯುರೋಪಿನ ನಾಗರಿಕರ ಮನವಿಗೆ 2025ರ ಜುಲೈನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ವ್ಯಾಪಾರದಲ್ಲೂ ಬೇರೆ ದಾರಿ ಇಲ್ಲದಿಲ್ಲ. ಪೋಲೆಂಡಿನ ಜಿಒಜಿ ಎಂಬ ಅಂಗಡಿ 2008ರಿಂದಲೂ ಬೀಗವಿಲ್ಲದ ಆಟಗಳನ್ನೇ ಮಾರುತ್ತಿದೆ. ಒಮ್ಮೆ ಇಳಿಸಿಟ್ಟುಕೊಂಡರೆ ಅಂತರ್ಜಾಲದ ಹಂಗಿಲ್ಲದೆ ಮತ್ತೆ ಮತ್ತೆ ಹಾಕಿಕೊಳ್ಳಬಹುದು. ಹ್ಯಾಂಡ್‌ಹೆಲ್ಡ್ ಪಿಸಿಯ ಹೆಚ್ಚುಗಾರಿಕೆ ಇಲ್ಲಿದೆ: ಎಲ್ಲಿ ಕೊಂಡರೂ ಅದರಲ್ಲಿ ಆಡಬಹುದು. ಒಂದೇ ಅಂಗಡಿಗೆ ಕಟ್ಟುಬಿದ್ದ ಯಂತ್ರದಲ್ಲಿ ಈ ಆಯ್ಕೆ ಇಲ್ಲ.

ನಮ್ಮಲ್ಲಿ

ಗೇಮ್ ಬಾಯ್ ಕಾಲದಲ್ಲಿ ನಮ್ಮ ಬಹುತೇಕ ಮಕ್ಕಳ ಕೈಗೆ ಬಂದದ್ದು ಅದರ ಬಡ ದಾಯಾದಿ. ಜಾತ್ರೆಯ ಅಂಗಡಿಗಳಲ್ಲೂ ಪೇಟೆಯ ಫ್ಯಾನ್ಸಿ ಸ್ಟೋರುಗಳಲ್ಲೂ ತೂಗಾಡುತ್ತಿದ್ದ, ಟೆಟ್ರಿಸ್‌ನ ನಕಲಾದ ಚೀನೀ ‘ಬ್ರಿಕ್ ಗೇಮ್’. ಸಾವಿರಾರು ಆಟಗಳಿವೆ ಎಂದು ಡಬ್ಬಿಯ ಮೇಲೆ ಬರೆದಿರುತ್ತಿತ್ತು. ಒಳಗಿದ್ದದ್ದು ಹತ್ತಿಪ್ಪತ್ತು ಆಟಗಳ ವೇಷಾಂತರ. ಆದರೆ ಕೊಂಡ ಮೇಲೆ ಯಾರ ಅನುಮತಿಯೂ ಬೇಕಿರಲಿಲ್ಲ.

ಸ್ಟೀಮ್ ಡೆಕ್ 2022ರಲ್ಲಿ ಮಾರಾಟಕ್ಕೆ ಬಂದಾಗ ಭಾರತ ಅದರ ಪಟ್ಟಿಯಲ್ಲಿರಲಿಲ್ಲ. ಬಯಸಿದವರು ಹೊರದೇಶದಿಂದ ಬರುವ ಬಂಧುಗಳಿಂದಲೋ ಆಮದು ವ್ಯಾಪಾರಿಗಳಿಂದಲೋ ಹೆಚ್ಚು ಬೆಲೆಗೆ, ಖಾತರಿಯಿಲ್ಲದೆ ತರಿಸಿಕೊಂಡರು. ಆರ್‌ಒಜಿ ಅಲೈ 2023ರ ಜುಲೈನಲ್ಲಿ ಇಲ್ಲಿಯೇ 69,990 ರೂಪಾಯಿಗೆ ಅಧಿಕೃತವಾಗಿ ಬಂತು. ಇಷ್ಟು ಹಣ ಕೊಟ್ಟವರಿಗೆ ಕಾನೂನಿನ ಆಸರೆ ಏನು? ರಿಪೇರಿಯ ಹಕ್ಕಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಡಿಸೆಂಬರ್‌ನಲ್ಲಿ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳು ಅದರ ಮೊದಲ ಗಮನ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿ, ನ್ಯಾಯವಾಗಿ ಪಡೆದ ಕಂಪ್ಯೂಟರ್ ಪ್ರೋಗ್ರಾಂ ಹಾಳಾದರೆ ಇರಲೆಂದು ಒಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ. 2012ರ ತಿದ್ದುಪಡಿ ಮಾತ್ರ, ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿಯುವುದನ್ನು ಅಪರಾಧವೆನ್ನುತ್ತದೆ. ಆದರೆ ಸರ್ವರ್ ನಿಂತರೆ ಸಾಯುವ ಆಟಕ್ಕೆ ಪ್ರತಿ ಮಾಡಿಟ್ಟುಕೊಂಡು ಫಲವೇನು? ಕಾನೂನು ಬರೆದ ಕಾಲಕ್ಕೆ ಈ ಪ್ರಶ್ನೆ ಇರಲಿಲ್ಲ.

ಆಟಕ್ಕೆ ಇಷ್ಟು ದೊಡ್ಡ ಚರ್ಚೆಯೇಕೆ ಎಂದು ಕೆಲವರಿಗೆ ಅನ್ನಿಸೀತು. ಆದರೆ ಅಂಗೈಯ ಆಟದಲ್ಲಿ ಎದ್ದಿರುವ ಪ್ರಶ್ನೆ ಆಟದಲ್ಲೇ ನಿಲ್ಲುವುದಿಲ್ಲ. ಪರದೆಯ ಮೇಲೆ ಓದುವ ಪುಸ್ತಕ, ಕೇಳುವ ಹಾಡು, ಹೊಲದ ಟ್ರ್ಯಾಕ್ಟರು, ಮನೆಯ ಟಿ.ವಿ. ಎಲ್ಲವೂ ಒಂದೊಂದಾಗಿ ಇದೇ ದಾರಿ ಹಿಡಿಯುತ್ತಿವೆ. ಹ್ಯಾಂಡ್‌ಹೆಲ್ಡ್ ಪಿಸಿಯ ಚರಿತ್ರೆ ತೋರಿಸಿಕೊಡುವುದಿಷ್ಟು: ಬೀಗ ತಂತ್ರಜ್ಞಾನದ ಅನಿವಾರ್ಯತೆಯಲ್ಲ, ವ್ಯಾಪಾರದ ಒಂದು ಆಯ್ಕೆ, ಬೀಗವಿಲ್ಲದ ಯಂತ್ರವನ್ನೂ ಮಾಡಬಹುದು, ಮಾರಬಹುದು, ಲಾಭವನ್ನೂ ಗಳಿಸಬಹುದು. ಹಣ ಎಣಿಸಿಕೊಡುವ ಮುನ್ನ ಕೊಳ್ಳುತ್ತಿರುವುದು ಮಣೆಯನ್ನೋ ಮಣೆಯ ಬಾಡಿಗೆಯನ್ನೋ ಎಂದು ಕೇಳಿ ತಿಳಿಯುವುದು ಕೊಳ್ಳುವವರ ಕೈಯಲ್ಲಿದೆ.